ಫೋನಿನ ಭಾಷೆ ಕನ್ನಡವಾದರೆ ಲೆಕ್ಕ ತಪ್ಪುತ್ತದೆಯೇ? ಚುಕ್ಕಿ ಮತ್ತು ಕಾಮಾದ ಅಸಲಿ ವಿಷಯ

ಮಳೆಗಾಲ ಬಂತೆಂದರೆ ಹೊಸಪೇಟೆ, ಕಂಪ್ಲಿ ಭಾಗದ ವಾಟ್ಸಾಪ್ ಗ್ರೂಪುಗಳಲ್ಲಿ ಗುಡ್ ಮಾರ್ನಿಂಗ್ ಫೋಟೋಗಿಂತ ಮೊದಲು ಬರುವುದು ಟಿ.ಬಿ. ಡ್ಯಾಮಿನ ಲೆಕ್ಕ. ಮಟ್ಟ ಎಷ್ಟು ಅಡಿ, ಸಂಗ್ರಹ ಎಷ್ಟು ಟಿಎಂಸಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗಲಂತೂ ಎಲ್ಲರ ಕಣ್ಣೂ ಆ ಅಂಕಿಗಳ ಮೇಲೆಯೇ ಇತ್ತು. ಕಂಪ್ಲಿಯವರಿಗೆ ಇದು ಬರೀ ಅಂಕಿ ಅಲ್ಲ. ನದಿಗೆ ಹೆಚ್ಚು ನೀರು ಬಿಟ್ಟರೆ ಗಂಗಾವತಿಗೆ ಹೋಗುವ ಸೇತುವೆ ಮುಳುಗುತ್ತದೆ.

ಈ ಅಂಕಿಗಳನ್ನು ಒಮ್ಮೆ ಗಮನಿಸಿ. ಪೂರ್ಣ ಮಟ್ಟ 1,633 ಅಡಿ, ಆಗಿನ ಸಂಗ್ರಹ 105.788 ಟಿಎಂಸಿ. ಒಂದರಲ್ಲಿ ಕಾಮಾ, ಇನ್ನೊಂದರಲ್ಲಿ ಚುಕ್ಕಿ. ನಮಗೆ ಗೊಂದಲವೇ ಇಲ್ಲ. ಆದರೆ ಫೋನು, ಕಂಪ್ಯೂಟರಿಗೆ? "ಫೋನನ್ನು ಕನ್ನಡಕ್ಕೆ ಹಾಕಿದರೆ ಅಂಕಿ ತಪ್ಪಾಗುತ್ತೆ, ದುಡ್ಡಿನ ವಿಷಯ ಬೇರೆ, ಇಂಗ್ಲಿಷಿನಲ್ಲೇ ಇರಲಿ ಬಿಡಿ" ಎನ್ನುವವರು ನಿಮಗೂ ಸಿಕ್ಕಿರಬಹುದು. ಕನ್ನಡದ ಮಟ್ಟಿಗೆ ಈ ಹೆದರಿಕೆಗೆ ಆಧಾರವಿಲ್ಲ. ಆದರೆ ಭಾಷೆ ಬದಲಿಸಿದರೆ ಅಂಕಿ ತಪ್ಪುವ ದೋಷ ನಿಜವಾಗಿಯೂ ಇದೆ. ಅದು ಹುಟ್ಟುವುದು ಬೇರೆ ಕಡೆ.

ಜರ್ಮನಿ, ಫ್ರಾನ್ಸ್, ಬ್ರೆಜಿಲ್, ಇಂಡೋನೇಷ್ಯಾ, ರಷ್ಯಾ ಮುಂತಾದ ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಕಾಮಾ ಇಡುತ್ತಾರೆ. ನಮ್ಮ 105.788 ಅಲ್ಲಿ 105,788. ಜರ್ಮನಿಯಲ್ಲಿ ಸಾವಿರ ಬೇರ್ಪಡಿಸಲು ಚುಕ್ಕಿ, ಅಂದರೆ ನಮಗೆ ಪೂರ್ತಿ ತಲೆಕೆಳಗು. ಯಾರದು ಸರಿ ಎಂಬ ಜಗಳಕ್ಕೆ ಅರ್ಥವಿಲ್ಲ. ಅಳತೆ-ತೂಕದ ಅಂತರರಾಷ್ಟ್ರೀಯ ಸಮ್ಮೇಳನವೇ 2003ರಲ್ಲಿ ಎರಡೂ ನಡೆಯುತ್ತದೆ ಎಂದು ಒಪ್ಪಿದೆ.

ತೊಂದರೆ ಶುರುವಾಗುವುದು ಪ್ರೋಗ್ರಾಮ್ ಅಕ್ಷರಗಳನ್ನು ಓದಿ ಸಂಖ್ಯೆ ಮಾಡಿಕೊಳ್ಳುವಾಗ. ಪರದೆಯ ಮೇಲಿನ 105.788 ಕಂಪ್ಯೂಟರಿಗೆ ಮೊದಲು ಏಳು ಅಕ್ಷರಗಳ ಸಾಲು ಅಷ್ಟೇ. ಬಹಳ ಹಳೆಯದಾದರೂ ಇಂದಿಗೂ ಎಲ್ಲೆಡೆ ಓಡುತ್ತಿರುವ ಸಿ ಭಾಷೆಯಲ್ಲಿ ಈ ಕೆಲಸಕ್ಕೆ 'ಸ್ಟ್ರ್‌ಟುಡಿ' ಎಂಬ ಫಂಕ್ಷನ್ ಇದೆ. ಅದು ಎಡದಿಂದ ಒಂದೊಂದೇ ಅಕ್ಷರ ಓದುತ್ತದೆ. ಅರ್ಥವಾಗದ ಅಕ್ಷರ ಬಂದ ಕೂಡಲೇ ನಿಂತು, ಅಲ್ಲಿಯವರೆಗಿನದನ್ನೇ ಉತ್ತರವಾಗಿ ಕೊಡುತ್ತದೆ. ತಪ್ಪು ಎಂದು ಕೂಗುವುದಿಲ್ಲ, ಕೆಂಪು ದೀಪ ಹೊತ್ತಿಸುವುದಿಲ್ಲ.

ದಶಮಾಂಶದ ಗುರುತು ಯಾವುದು ಎಂದು ಅದು ಕೇಳುವುದು 'ಲೊಕೇಲ್' ಅನ್ನು. ಯಾವ ದೇಶ, ಯಾವ ಭಾಷೆ, ಅಲ್ಲಿ ದಿನಾಂಕ ಹೇಗೆ, ಅಂಕಿ ಹೇಗೆ ಎಂಬ ಸೆಟ್ಟಿಂಗಿಗೆ ಆ ಹೆಸರು. ಸಿ ಪ್ರೋಗ್ರಾಮ್ ಶುರುವಾಗುವಾಗ ಚುಕ್ಕಿಯ ನಿಯಮದಲ್ಲೇ ಇರುತ್ತದೆ. ಆದರೆ ಬಳಕೆದಾರರ ಭಾಷೆಯಲ್ಲಿ ದಿನಾಂಕ, ಸಂದೇಶ ತೋರಿಸಲಿ ಎಂದು ಯಾರೋ ಒಳಗೆ 'ಸೆಟ್‌ಲೊಕೇಲ್' ಎಂಬ ಒಂದು ಸಾಲು ಬರೆದಿರುತ್ತಾರೆ. ನೀವು ಬರೆಯದಿದ್ದರೂ ನೀವು ಸೇರಿಸಿಕೊಂಡ ಲೈಬ್ರರಿ ಬರೆದಿರಬಹುದು. ಆ ಕ್ಷಣದಿಂದ ದಿನಾಂಕದ ಜೊತೆಗೆ ಅಂಕಿ ಓದುವ ನಿಯಮವೂ ಬದಲಾಗುತ್ತದೆ.

ಈಗ ಅದೇ ಪ್ರೋಗ್ರಾಮ್ ಜರ್ಮನ್ ಸೆಟ್ಟಿಂಗಿನ ಕಂಪ್ಯೂಟರಿನಲ್ಲಿ 105.788 ಓದಲಿ. 105 ಓದಿತು, ಚುಕ್ಕಿ ಕಂಡಿತು, ನಿಂತಿತು. ಉತ್ತರ 105. ಕಳೆದುಹೋದದ್ದು 0.788 ಟಿಎಂಸಿ, ಅಂದರೆ 78.8 ಕೋಟಿ ಘನ ಅಡಿ. ನದಿಯಲ್ಲಿ ಇಡೀ ದಿನ ಸುಮಾರು 9,100 ಕ್ಯೂಸೆಕ್ ಹರಿದಷ್ಟು ನೀರು! ಪೂರ್ತಿ ತಪ್ಪಾಗಿ 7 ಎಂದೋ 9 ಲಕ್ಷ ಎಂದೋ ಬಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. 105 ನಂಬುವಂತಿದೆ, ಅದೇ ಅಪಾಯ. ಸಂಡೂರಿನ ಅದಿರಿನ ಲೆಕ್ಕಕ್ಕೂ ಇದೇ ಮಾತು. ಯುರೋಪಿನ ಸೆಟ್ಟಿಂಗಿರುವ ಯಂತ್ರವೊಂದು ಕಬ್ಬಿಣದ ಅಂಶ 62,5 ಎಂದು ಬರೆದು, ಇಲ್ಲಿನ ಪ್ರೋಗ್ರಾಮ್ ಅದನ್ನು 62 ಎಂದು ಓದಿದರೆ, 4,000 ಟನ್ ಅದಿರಿನಲ್ಲಿ 20 ಟನ್ ಕಬ್ಬಿಣ ಕಾಗದದ ಮೇಲೆ ಮಾಯ.

ಹಾಗಾದರೆ ಕನ್ನಡ? ಕನ್ನಡದ ಲೊಕೇಲ್‌ನಲ್ಲಿ ದಶಮಾಂಶಕ್ಕೆ ಚುಕ್ಕಿಯೇ, ಸಾವಿರ-ಲಕ್ಷಕ್ಕೆ ಕಾಮಾವೇ. ನಾವು ಶಾಲೆಯಲ್ಲಿ ಕಲಿತದ್ದೇ ಅಲ್ಲಿದೆ. ಫೋನನ್ನು ಕನ್ನಡಕ್ಕೆ ಹಾಕಿದರೂ ಅಂಕಿಗಳು ಸಾಮಾನ್ಯವಾಗಿ 1, 2, 3 ಎಂದೇ ಉಳಿಯುತ್ತವೆ, ೧, ೨, ೩ ಆಗುವುದಿಲ್ಲ. (ಮರಾಠಿಯಲ್ಲಿ ಹಾಗಲ್ಲ, ಅಲ್ಲಿ ದೇವನಾಗರಿ ಅಂಕಿಗಳೇ ಮೊದಲು ಬರುತ್ತವೆ.) ಆದ್ದರಿಂದ ಲೆಕ್ಕ ತಪ್ಪುತ್ತದೆಂದು ಕನ್ನಡ ಬಿಡಬೇಕಾಗಿಲ್ಲ. ದುಡ್ಡಿನ ವಿಷಯಕ್ಕೆ ಬಂದರೆ, ಯುಪಿಐ ಲಿಂಕಿನೊಳಗೆ ಮೊತ್ತವನ್ನು ಚುಕ್ಕಿ ಹಾಕಿಯೇ ಬರೆಯುವ ನಿಯಮವಿದೆ, ನಿಮ್ಮ ಪರದೆಯ ಭಾಷೆ ಯಾವುದೇ ಇರಲಿ. ಪಿನ್ ಒತ್ತುವ ಮುಂಚೆ ಮೊತ್ತ ನೋಡುವ ಅಭ್ಯಾಸ ಮಾತ್ರ ಬಿಡಬೇಡಿ.

ನಮ್ಮದೇ ಎರಡು ಗುಂಡಿಗಳು ಬೇರೆ ಇವೆ. ಹೊರಹರಿವು 1,00,000 ಕ್ಯೂಸೆಕ್ ಎಂದು ಬರೆದದ್ದನ್ನು ಸ್ಟ್ರ್‌ಟುಡಿಗೆ ಹಾಗೇ ಕೊಟ್ಟರೆ ಮೊದಲ ಕಾಮಾದಲ್ಲೇ ನಿಂತು 1 ಎನ್ನುತ್ತದೆ. ಒಂದು ಲಕ್ಷ ಹೋಗಿ ಒಂದು! ಇನ್ನು ೧೦೫.೭೮೮ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಮೊದಲ ಅಕ್ಷರವೇ ಅದಕ್ಕೆ ಗೊತ್ತಿಲ್ಲ, ಉತ್ತರ ಸೊನ್ನೆ.

ಹಂಪಿಯಲ್ಲಿ ಹೋಮ್‌ಸ್ಟೇ, ಆಟೋ ಇಟ್ಟುಕೊಂಡವರಿಗೆ ಇದರ ಅಣ್ಣತಮ್ಮನೊಂದು ಎದುರಾಗಬಹುದು. ವಿರೂಪಾಕ್ಷ ದೇವಸ್ಥಾನ ಇರುವುದು ಸುಮಾರು 15.335 ಅಕ್ಷಾಂಶ, 76.459 ರೇಖಾಂಶದಲ್ಲಿ. ನಕ್ಷೆಯ ಲಿಂಕಿನಲ್ಲಿ ಇವೆರಡರ ನಡುವೆ ಒಂದು ಕಾಮಾ ಇರುತ್ತದೆ. ಜರ್ಮನ್ ಪ್ರವಾಸಿಯ ಫೋನಿನಲ್ಲಿ ಅಜಾಗರೂಕತೆಯಿಂದ ಬರೆದ ಆ್ಯಪ್ ಇದ್ದರೆ ಅದು ಕಳಿಸುವ ಲಿಂಕ್ 15,335,76,459 ಎಂದಾಗುತ್ತದೆ. ಎರಡು ಸಂಖ್ಯೆ ನಾಲ್ಕಾದವು. ನಕ್ಷೆ ತೆರೆಯದೇ ಹೋದರೆ ಪುಣ್ಯ. ದಶಮಾಂಶ ಬಿಟ್ಟು ಬರೀ 15 ಮತ್ತು 76 ಹಿಡಿದರೆ ಗುರುತು ಬೀಳುವುದು ಹಂಪಿಯಿಂದ ಸುಮಾರು 60 ಕಿಲೋಮೀಟರ್ ಆಚೆ, ಹೂವಿನಹಡಗಲಿ ಹತ್ತಿರ. ಲೊಕೇಶನ್ ತಪ್ಪು ಬಂದರೆ ಪ್ರವಾಸಿಯನ್ನು ಬೈಯುವ ಮುಂಚೆ ಲಿಂಕಿನಲ್ಲಿ ಕಾಮಾ ಎಣಿಸಿ ನೋಡಿ.

ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಈ ಭಾಗ ಅವರಿಗೆ ಕಳಿಸಿ. ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ, ಕಾಮಾ ಸಿಕ್ಕಲ್ಲೆಲ್ಲ ಚುಕ್ಕಿ ಮಾಡಿಬಿಡುವುದು. ಮಾಡಬೇಡಿ. 1,633 ಅಡಿಯ ಡ್ಯಾಮ್ 1.633 ಅಡಿಯಾಗಿ ಮೊಣಕಾಲಿಗೆ ಬರುತ್ತದೆ. ಎರಡನೆಯದು, ಓದುವ ಹೊತ್ತಿಗೆ ಲೊಕೇಲ್ ಬದಲಿಸಿ ಆಮೇಲೆ ಮೊದಲಿನಂತೆ ಇಡುವುದು. ಸೆಟ್‌ಲೊಕೇಲ್ ಇಡೀ ಪ್ರೋಗ್ರಾಮಿಗೆ ಅನ್ವಯಿಸುವುದರಿಂದ, ಅದೇ ಹೊತ್ತಿಗೆ ಇನ್ನೊಂದು ಥ್ರೆಡ್ ಓಡುತ್ತಿದ್ದರೆ ಅದರ ಲೆಕ್ಕ ಕೆಡುತ್ತದೆ. ಸರಿಯಾದ ದಾರಿ ಎಂದರೆ ಓದುವ ಫಂಕ್ಷನ್ನಿಗೇ ಲೊಕೇಲನ್ನು ಕೈಗೆ ಕೊಡುವುದು. ಲಿನಕ್ಸಿನಲ್ಲಿ 'ನ್ಯೂಲೊಕೇಲ್' ಬಳಸಿ ಸಿ ಲೊಕೇಲ್ ಮಾಡಿಕೊಂಡು 'ಸ್ಟ್ರ್‌ಟುಡಿ-ಎಲ್' ಕರೆಯಬಹುದು, ವಿಂಡೋಸಿನಲ್ಲೂ ಅಂಥದ್ದೇ ಇದೆ. ಜಿಲಿಬ್ ಬಳಸುವವರಿಗೆ ಆಸ್ಕಿ ಹೆಸರಿನ ಸ್ಟ್ರ್‌ಟುಡಿ ಉಂಟು. ಸಿ ಪ್ಲಸ್ ಪ್ಲಸ್ 17ರಲ್ಲಿ ಬಂದ 'ಫ್ರಮ್ ಚಾರ್ಸ್' ಲೊಕೇಲಿನ ಮುಖವನ್ನೇ ನೋಡುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಜಾವಾ ಬರೆಯುವವರು ಓದುವುದಕ್ಕಿಂತ ಬರೆಯುವಾಗ ಎಚ್ಚರವಾಗಿರಬೇಕು. ಅಲ್ಲಿ 'ಪಾರ್ಸ್‌ಡಬಲ್' ಯಾವಾಗಲೂ ಚುಕ್ಕಿಯನ್ನೇ ನಿರೀಕ್ಷಿಸುತ್ತದೆ, ಆದರೆ 'ಸ್ಟ್ರಿಂಗ್ ಫಾರ್ಮ್ಯಾಟ್' ಫೋನಿನ ಭಾಷೆಯನ್ನು ಅನುಸರಿಸುತ್ತದೆ. ಮೇಲಿನ ಹಂಪಿ ಲಿಂಕ್ ಹಾಳಾಗುವುದು ಹೆಚ್ಚಾಗಿ ಹೀಗೆ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. ಸ್ಟ್ರ್‌ಟುಡಿ ತಾನು ಎಲ್ಲಿ ನಿಂತೆ ಎಂಬುದನ್ನು ಎರಡನೇ ಆರ್ಗ್ಯುಮೆಂಟಿನ ಮೂಲಕ ಹೇಳುತ್ತದೆ. ಸಾಲಿನ ಕೊನೆಯವರೆಗೂ ಓದಿತೇ, ಮಧ್ಯದಲ್ಲೇ ಕೈಬಿಟ್ಟಿತೇ ಎಂದು ಅದರಿಂದ ತಿಳಿಯುತ್ತದೆ. ಅದನ್ನು ಪರೀಕ್ಷಿಸದೆ ಖಾಲಿ ಬಿಡುವ ಚಾಳಿ ಬಹಳ ಜನಕ್ಕಿದೆ. ಹಳೆಯ 'ಎಟಾಫ್' ಫಂಕ್ಷನ್ನಿನಲ್ಲಂತೂ ಕೇಳುವ ದಾರಿಯೇ ಇಲ್ಲ.

ಫಾರ್ವರ್ಡ್ ಮಾಡುವ ನಮ್ಮ ನಿಮ್ಮಂಥವರಿಗೆ ಇಷ್ಟು ಸಾಕು: ಡ್ಯಾಮಿನ ಲೆಕ್ಕ ಕಳಿಸುವಾಗ ದೊಡ್ಡ ಸಂಖ್ಯೆಯ ಪಕ್ಕದಲ್ಲಿ "ಒಂದು ಲಕ್ಷ ಕ್ಯೂಸೆಕ್" ಎಂದು ಅಕ್ಷರದಲ್ಲೂ ಬರೆಯಿರಿ. ಬೇರೆಡೆಯಿಂದ ಬಂದದ್ದು 1.633 ಅಡಿ ಎಂದೋ 105,788 ಟಿಎಂಸಿ ಎಂದೋ ಕಂಡರೆ, ಸೇತುವೆ ಕಡೆ ಹೊರಟವರಿಗೆ ಅದನ್ನು ದಾಟಿಸುವ ಮುಂಚೆ ತುಂಗಭದ್ರಾ ಮಂಡಳಿಯ ಆ ದಿನದ ಅಂಕಿಯ ಜೊತೆ ಹೋಲಿಸಿ ನೋಡಿ.