ಕೊಡಗು: ಗದ್ದೆಯ ಬದುವಿನಿಂದ ಮರದ ಪೊಟರೆಯವರೆಗೆ

ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ದಾರಿ ಸುಮಾರು 30 ಕಿಲೋಮೀಟರ್. ಅಷ್ಟರಲ್ಲೇ ಮಳೆ, ಮಣ್ಣು, ಮರ ಎಲ್ಲವೂ ಬೇರೆಯಾಗುತ್ತವೆ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ಸರಿದು ಭಾಗಮಂಡಲ ಮುಟ್ಟಿದರೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ. ಈ ದಾರಿಯಲ್ಲಿ ಅಳಿಲೂ ಬದಲಾಗುತ್ತದೆ. ಮಂಜು ನೋಡಲು ಹೊರಟವರ ಕಣ್ಣಿಗೆ ಅದು ಬೀಳುವುದು ಕಡಿಮೆ. ಕೆಳಗಿನ ಒಣಸೀಮೆಯಲ್ಲಿ ಹಿತ್ತಲು, ರಸ್ತೆಬದಿಯ ಮರಗಳಲ್ಲಿ ಓಡಾಡುವುದು ನಮಗೆಲ್ಲ ಗೊತ್ತಿರುವ ಮೂರು ಪಟ್ಟೆಯ ಅಳಿಲು. ಮೇಲೆ ಮಳೆನಾಡಿನಲ್ಲಿ ಕಾಣುವುದಕ್ಕೂ ಮೂರೇ ಪಟ್ಟೆ. ಆದರೆ ಅದರ ಮೈಬಣ್ಣ ಗಾಢ, ನೆತ್ತಿಯ ಮೇಲೆ ಕೆಂಪು ಛಾಯೆ. ಅದು ಕಾಡಿನ ಅಳಿಲು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ಇಲ್ಲ. ಒದ್ದೆ ಕಾಡಿನೊಳಕ್ಕೆ ಹೋದರೆ ಮೂರನೆಯದೊಂದಿದೆ. ಪಟ್ಟೆಗಳು ಮಾಸಿದಂತಿರುವ, 40 ಗ್ರಾಂ ತೂಗುವ, ಮನುಷ್ಯರನ್ನು ಕಂಡರೆ ಎಲೆಮರೆಗೆ ಸರಿಯುವ ಪುಟ್ಟ ಅಳಿಲು.

ಕೊಡಗು ಎಂದರೆ ಆನೆ, ಹುಲಿ, ಕಾಫಿ ಎಂದು ಬರೆದು ಮುಗಿಸುವುದು ರೂಢಿ. ಆದರೆ ಈ ಜಿಲ್ಲೆಯ ನೆಲ ಹೇಗೆ ಹೆಣೆದುಕೊಂಡಿದೆ ಎಂದು ತಿಳಿಯಬೇಕಾದರೆ ಅಂಗೈಯಲ್ಲಿ ಹಿಡಿಸುವ ಪ್ರಾಣಿಗಳನ್ನೇ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆನೆ ಒಂದೇ ರಾತ್ರಿಯಲ್ಲಿ ಕಾಡು, ತೋಟ, ಗದ್ದೆ ಮೂರನ್ನೂ ದಾಟಿಬಿಡುತ್ತದೆ. ಇಲಿಗೆ ಅದು ಸಾಧ್ಯವಿಲ್ಲ. ಅದರ ಇಡೀ ಬದುಕು ಒಂದು ಬದುವಿನಲ್ಲೋ ಒಂದಷ್ಟು ಮರಗಳಲ್ಲೋ ಮುಗಿಯುತ್ತದೆ.

ಇಲ್ಲಿನ ಊರುಗಳ ಕಟ್ಟೂ ಹಾಗೆಯೇ ತುಂಡು ತುಂಡಾಗಿದೆ. ಕಣಿವೆಯ ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಅದರ ಅಂಚಿನಿಂದ ಏರುವ ಇಳಿಜಾರು ಬಾಣೆ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ ಸಿಗಲೆಂದು ಗದ್ದೆಯ ಜೊತೆಗೇ ಬಿಟ್ಟುಕೊಟ್ಟ ನೆಲ ಅದು. ಬಾಣೆಗಳಲ್ಲಿ ಬಹುಪಾಲು ಈಗ ಕಾಫಿ ತೋಟ. ನಡುನಡುವೆ ಕೊಡಲಿ ತಾಗಿಸಬಾರದೆಂದು ಊರೇ ಕಾದುಕೊಂಡು ಬಂದ ದೇವರಕಾಡು. ಇಂಥವು ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚಿವೆ. ಅದಕ್ಕೂ ಮೇಲೆ ಏಲಕ್ಕಿ ಮಲೆ, ಆಮೇಲೆ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ದಟ್ಟ ಕಾಡು.

1910ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯವರು ಕೊಡಗಿನಲ್ಲೂ ಇಲಿ, ಅಳಿಲುಗಳನ್ನು ಸಂಗ್ರಹಿಸಿದ್ದರು. ಅವರಿಗೆ ಬೇಕಿದ್ದದ್ದು ಚರ್ಮ ಮತ್ತು ತಲೆಬುರುಡೆ. ಈ ಶತಮಾನದಲ್ಲಿ ಸಂಶೋಧಕರಾದ ಸಂಜಯ್ ಮೋಳೂರು ಮತ್ತು ಮೇವಾ ಸಿಂಗ್ ಬೇರೆ ಪ್ರಶ್ನೆ ಇಟ್ಟುಕೊಂಡು ಬಂದರು. ಕಾಡು, ದೇವರಕಾಡು, ತೋಟ, ಗದ್ದೆ ಹೀಗೆ ನೆಲದ ಬಳಕೆ ಬೇರೆಯಾದಂತೆ ಅಲ್ಲಿನ ಇಲಿ, ಮೂಗಿಲಿಗಳೂ ಬೇರೆಯಾಗುತ್ತವೆಯೇ ಎಂಬುದನ್ನು ಬೋನಿಟ್ಟು ಅಭ್ಯಾಸ ಮಾಡಿ 2009ರಲ್ಲಿ ಪ್ರಕಟಿಸಿದರು. ಇಂಥ ಅಧ್ಯಯನಗಳಲ್ಲಿ ಬಳಸುವುದು ಮಡಚಿಡಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆ. ಸಂಜೆ ತಿಂಡಿ ಇಟ್ಟು ಬರುತ್ತಾರೆ. ಬೆಳಗಾಗುತ್ತಿದ್ದಂತೆ ಒಳಗೆ ಸಿಕ್ಕಿದ್ದನ್ನು ತೂಗಿ, ಬಾಲ, ಹಿಂಗಾಲು, ಕಿವಿ ಅಳೆದು, ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಡುತ್ತಾರೆ. ಬಿಸಿಲೇರುವ ಮೊದಲು ಇದೆಲ್ಲ ಮುಗಿಯಬೇಕು. ತಡವಾದರೆ ಪೆಟ್ಟಿಗೆಯೊಳಗಿನ ಸೆಕೆಗೆ ಪ್ರಾಣಿ ಉಳಿಯುವುದಿಲ್ಲ.

ಗದ್ದೆಯ ಒಡೆಯ ಹೆಗ್ಗಣ. ಬದುವಿನ ಪಕ್ಕದಲ್ಲಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಅದರಡಿ ಬಿಲವಿದೆ ಎಂದರ್ಥ. ಒಳಗೆ ಕವಲುದಾರಿಗಳು, ತೆನೆಗಳನ್ನೇ ಕತ್ತರಿಸಿ ತಂದು ಕೂಡಿಡುವ ಕೋಣೆಗಳು. ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ಕದಿರು ತುಂಬಿದಾಗ ಅದರ ಉಗ್ರಾಣವೂ ತುಂಬುತ್ತದೆ. ರೈತನಿಗೆ ಭತ್ತದ ನಷ್ಟವೊಂದೇ ಅಲ್ಲ. ಮೇಲಿನ ಗದ್ದೆಯ ಬದು ತೂತಾದರೆ ನೀರು ಕೆಳಗಿನದಕ್ಕೆ ಸೋರಿ, ನಾಟಿಯ ಪೈರು ಒಣಗುತ್ತದೆ. ಏಡಿಯೂ ಬದು ಕೊರೆಯುತ್ತದಾದ್ದರಿಂದ ತೂತು ಯಾರದ್ದೆಂದು ನೋಡಿ ತಿಳಿದುಕೊಳ್ಳಬೇಕು. ಇದೇ ಗದ್ದೆಯಂಚಿನಲ್ಲಿ ಹತ್ತು ಗ್ರಾಂ ಆಸುಪಾಸಿನ ಹೊಲದಿಲಿಯೂ ಇರುತ್ತದೆ. ಹೆಗ್ಗಣಕ್ಕೆ ಹಾಕಿದ ವಿಷ ಅದಕ್ಕೂ ತಗಲುತ್ತದೆ.

ಮೂಗಿಲಿಯದು ಇನ್ನೂ ಅನ್ಯಾಯದ ಕತೆ. ಅದು ಇಲಿಯೇ ಅಲ್ಲ. ಅದರ ಹಲ್ಲು ಕಾಳು ಕಡಿಯಲಿಕ್ಕಲ್ಲ, ಜಿರಲೆ, ಹುಳು, ಎರೆಹುಳು ಹಿಡಿಯಲಿಕ್ಕೆ. ತಾಯಿ ಹೊರಟರೆ ಮರಿಗಳು ಒಂದರ ಹಿಂಭಾಗವನ್ನು ಇನ್ನೊಂದು ಕಚ್ಚಿಕೊಂಡು ಸಾಲಾಗಿ ಹಿಂಬಾಲಿಸುತ್ತವೆ. ಮನೆಯ ಗೋಡೆಯಂಚಿನಲ್ಲಿ ಓಡುವ ಬೂದು ಮೂಗಿಲಿಯನ್ನು ಎಲ್ಲರೂ ಬಲ್ಲರು. ಘಟ್ಟದ ಎತ್ತರದ ಒದ್ದೆ ಕಾಡುಗಳ ತರಗೆಲೆಯಡಿ ಇದರ ಕಪ್ಪು ಬಣ್ಣದ ನೆಂಟನಿದ್ದಾನೆ. ಅವನನ್ನು ಕಂಡವರು ತೀರ ಕಡಿಮೆ.

ಕೊಡಗಿನ ನಿಜವಾದ ಸಂಪತ್ತು ಇರುವುದು ನೆಲದ ಮೇಲಲ್ಲ, ತೋಟದ ನೆರಳು ಮರಗಳಲ್ಲಿ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬೆಳೆಯುವ ಈ ಜಿಲ್ಲೆಯಲ್ಲಿ ಕಾಫಿ ಬೆಳೆದದ್ದು ಕಾಡುಮರಗಳ ಅಡಿಯಲ್ಲಿ. ಅತ್ತಿ, ಹಲಸು, ನಂದಿ, ಬೀಟೆ, ಹೊನ್ನೆ. ವಯಸ್ಸಾದ ಇಂಥ ಮರಗಳ ಕೊಂಬೆ ಮುರಿದ ಕಡೆ ಪೊಟರೆ ಬೀಳುತ್ತದೆ. ಆ ಪೊಟರೆಯಲ್ಲಿ ಹಾರುಬೆಕ್ಕು ಹಗಲು ಕಳೆಯುತ್ತದೆ. ಘಟ್ಟದ ಕಾಡುಗಳಲ್ಲಿ ಅಂಥದೇ ಪೊಟರೆಯನ್ನು ನಂಬಿರುವ ಇನ್ನೊಂದು ಪ್ರಾಣಿ ಇದೆ. ಬೆನ್ನ ತುಂಬ ಚಪ್ಪಟೆ ಮುಳ್ಳುಕೂದಲು, ಬಾಲದ ತುದಿಯಲ್ಲಿ ಕುಂಚದಂಥ ಬಿಳಿ ಜೊಂಪೆ. ಎಡ್ವರ್ಡ್ ಬ್ಲೈತ್ 1859ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಈ ಮುಳ್ಳಿಲಿ ಕರಿಮೆಣಸು ತಿನ್ನುತ್ತದೆಂದು ಬೆಳೆಗಾರರ ಸಿಟ್ಟಿಗೂ ಗುರಿಯಾಗಿದೆ. ಇದರ ಹತ್ತಿರದ ಬಂಧುಗಳು ಭಾರತದಲ್ಲಿಲ್ಲ, ಚೀನಾ ಮತ್ತು ವಿಯೆಟ್ನಾಮಿನ ಕಾಡುಗಳಲ್ಲಿವೆ. ಅಷ್ಟು ಹಳೆಯ ವಂಶದ ಒಂದು ಕುಡಿ ನಮ್ಮ ಘಟ್ಟದಲ್ಲಿ ಉಳಿದುಕೊಂಡಿದೆ ಎಂಬುದು ನನಗೆ ಹುಲಿಯಷ್ಟೇ ದೊಡ್ಡ ಸುದ್ದಿ.

ಮುಳ್ಳಿಲಿಗೆ ಬೇಕಾದದ್ದು ಏನೆಂದು ದಿವ್ಯಾ ಮುದ್ದಪ್ಪ ಮತ್ತು ಸಹೋದ್ಯೋಗಿಗಳು ತಮಿಳುನಾಡಿನ ಕಳಕ್ಕಾಡು–ಮುಂಡಂತುರೈಯ ಮಳೆಕಾಡಿನಲ್ಲಿ ಅಭ್ಯಾಸ ಮಾಡಿ 2001ರಲ್ಲಿ ಬರೆದರು. ಮರದ ತಲೆಗಳು ಒಂದಕ್ಕೊಂದು ತಾಗಿಕೊಂಡಿರುವ ಕಾಡೇ ಅದಕ್ಕೆ ಹಿಡಿಸುವ ಜಾಗ. ಇದನ್ನು ಓದಿ ಇಂದಿನ ಕೊಡಗಿನ ತೋಟಗಳನ್ನು ನೋಡಿದರೆ ಆತಂಕವಾಗುತ್ತದೆ. ಎಷ್ಟೋ ತೋಟಗಳಲ್ಲಿ ಕಾಡುಮರ ಹೋಗಿ ಸಿಲ್ವರ್ ಓಕ್ ಬಂದಿದೆ. ಬೆಳೆಗಾರರನ್ನು ಬೈದು ಪ್ರಯೋಜನವಿಲ್ಲ, ಕಾರಣ ಕಾನೂನಿನಲ್ಲಿದೆ. ಜಿಲ್ಲೆಯ ಎಷ್ಟೋ ಹಿಡುವಳಿಗಳಲ್ಲಿ ಬೀಟೆ, ಹೊನ್ನೆಯಂಥ ಮರಗಳ ಹಕ್ಕು ಸರ್ಕಾರದ್ದು. ಸಾಕಿದವನಿಗೆ ಅದರಿಂದ ಕಾಸಿಲ್ಲ, ಕಡಿಯಲು ಅನುಮತಿಯ ಅಲೆದಾಟ ಬೇರೆ. ಸಿಲ್ವರ್ ಓಕ್‌ಗೆ ಆ ತಕರಾರಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿದೆ, ಬೇಕೆಂದಾಗ ಮಾರಬಹುದು. ಪೊಟರೆ ಬೀಳುವಷ್ಟು ವಯಸ್ಸಾಗಲು ಮಾತ್ರ ಅದನ್ನು ಬಿಡುವುದಿಲ್ಲ. ಮರ ಬೆಳೆಸಿದವನಿಗೇ ಮರದ ಹಕ್ಕು ಸಿಕ್ಕಿದ್ದರೆ ಪೊಟರೆಗಳ ಲೆಕ್ಕವೇ ಬೇರೆ ಇರುತ್ತಿತ್ತು.

ಗದ್ದೆಯ ಕಡೆಯೂ ಬದಲಾವಣೆ ಜೋರಾಗಿದೆ. ಭತ್ತ ಗಿಟ್ಟದೆ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೆ, ಅಡಿಕೆಗೆ ಹೋಗಿವೆ. ನಿಂತ ನೀರು ಹೋದರೆ ಬದುವಿನ ನಿವಾಸಿಗಳೂ ಬದಲಾಗುತ್ತವೆ. ವಿಷದ ಬಿಲ್ಲೆಗಳದ್ದು ಇನ್ನೊಂದು ಅಪಾಯ. ಬ್ರೋಮಡಿಯೋಲೋನ್ ಎಂಬ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ದಿನಗಟ್ಟಲೆ ತೂರಾಡುತ್ತ ಬಯಲಲ್ಲಿ ಸುತ್ತುತ್ತದೆ. ಅದನ್ನು ಸುಲಭವಾಗಿ ಹಿಡಿದು ತಿಂದ ಗೂಬೆಯ ಮೈಗೂ ವಿಷ ಏರುತ್ತದೆ. ಹೆಗ್ಗಣದ ಹತೋಟಿಗೆ ಗೂಬೆ, ಕೇರೆ ಹಾವು, ಕಾಡುಬೆಕ್ಕುಗಳಿಗಿಂತ ನಿಷ್ಠೆಯ ಆಳುಗಳು ಸಿಕ್ಕಲಾರರು. ಸಾಯುವವುಗಳಲ್ಲಿ ಅವೂ ಸೇರಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇಲಿಗಳೆಲ್ಲ ಒಟ್ಟಾಗಿ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಅಂಗಡಿಯಲ್ಲಿ ವಿಷ ಕೊಳ್ಳುವವರಿಗೆ ಈಗಲೂ ಇಲಿ ಎಂದರೆ ಒಂದೇ ಇಲಿ.

ದೇವರಕಾಡುಗಳಲ್ಲಿ ಬಹಳಷ್ಟು ಕೆಲವೇ ಎಕರೆಯವು. ಒಂದೊಂದನ್ನೇ ಬೇಲಿ ಹಾಕಿ ಕಾದರೂ ಒಳಗಿನ ಜೀವಿಗಳು ದ್ವೀಪದಲ್ಲಿ ಸಿಕ್ಕಿಕೊಂಡಂತೆಯೇ. ಅಲ್ಲಿಂದ ಪಕ್ಕದ ತೋಟದ ಅತ್ತಿಗೆ, ಅತ್ತಿಯಿಂದ ನಂದಿಗೆ, ನಂದಿಯಿಂದ ಮೇಲಿನ ಮಲೆಗೆ ಕೊಂಬೆ ತಾಗುವಷ್ಟು ದಿನ ಮರದ ಮೇಲಿನ ದಾರಿ ಇರುತ್ತದೆ. ನಡುವೆ ನಾಲ್ಕು ಮರ ಹೋಗಿ ರೆಸಾರ್ಟಿಗೋ ನಿವೇಶನಕ್ಕೋ ರಸ್ತೆ ಬಂದರೆ, ಕೊಂಬೆಯಿಂದ ಕೊಂಬೆಗೆ ಸಾಗುವ ಕಾಡಳಿಲು ನಾಯಿ, ಬೆಕ್ಕು, ವಾಹನಗಳು ಓಡಾಡುವ ನೆಲಕ್ಕೆ ಇಳಿದು ದಾಟಬೇಕಾಗುತ್ತದೆ.