ಹಾಸಿನ ಮಾತು, ಹೊಕ್ಕಿನ ಮಾತು

ತನ್ನ ಸಂತೋಷಕ್ಕಾಗಿ ಚಿತ್ರ ಬರೆಯುವವನಿಗೆ ಯಜಮಾನನು ಒಬ್ಬನೇ, ಅವನ ಮನಸ್ಸು. ಪರರಿಗಾಗಿ ಬರೆಯುವವನಿಗಾದರೋ ಇಬ್ಬರು ಯಜಮಾನರು. ತನ್ನ ಅಭಿರುಚಿಯನ್ನೂ ಅವನು ಉಳಿಸಿಕೊಳ್ಳಬೇಕು, ಹಣ ಕೊಡುವ ಗಿರಾಕಿಯ ಇಷ್ಟವನ್ನೂ ಸಲ್ಲಿಸಬೇಕು. ಅಂಗಡಿಯ ನಾಮಫಲಕ, ಮದುವೆಯ ಕರೆಯೋಲೆ, ಜಾತ್ರೆಯ ಭಿತ್ತಿಪತ್ರ, ಸರಕಿನ ಜಾಹೀರಾತು, ಸಂಸ್ಥೆಯ ಲಾಂಛನ ಮುಂತಾದುವನ್ನು ರಚಿಸಿಕೊಡುವ ಉದ್ಯಮಕ್ಕೆ ಈಗ ‘ಕ್ರಿಯೇಟಿವ್ ಏಜೆನ್ಸಿ’ ಎಂದು ಹೆಸರು. ಬೆಂಗಳೂರಿನಲ್ಲಿ ಅದು ನೂರಾರು ಜನರ ಕಚೇರಿಯಾಗಿರಬಹುದು; ನಮ್ಮ ಕೊಳ್ಳೇಗಾಲದಲ್ಲಿ ಎರಡು ಗಣಕಯಂತ್ರ, ಇಬ್ಬರು ಹುಡುಗರು ಇರುವ ಒಂದು ಕೊಠಡಿಯಾಗಿರಬಹುದು. ಕೆಲಸದ ಸ್ವರೂಪ ಎರಡು ಕಡೆಯೂ ಒಂದೇ. ಅದರ ಸಂಕಟವೂ ಒಂದೇ, ಮತ್ತು ಆ ಸಂಕಟವು ಬಹುಮಟ್ಟಿಗೆ ಹುಟ್ಟುವುದು ಮಾತುಕತೆಯಲ್ಲಿ.

ನಾನು ಧನಗೆರೆಯವನು. ಎರಡು ಬೇಸಗೆಯ ರಜೆಗಳನ್ನು ಕೊಳ್ಳೇಗಾಲದ ಇಂತಹ ಒಂದು ಕೊಠಡಿಯಲ್ಲಿ ಸಹಾಯಕನಾಗಿ ಕಳೆದೆನು. ಪದವಿ ಮುಗಿಸಿದ ನಮ್ಮ ಹಳ್ಳಿಗಾಡಿನ ತರುಣರಲ್ಲಿ ಅನೇಕರು ಈ ಕಸುಬಿಗೆ ಬರುತ್ತಾರೆ. ಕೆಲವರು ವರ್ಷ ತುಂಬುವ ಮೊದಲೇ ಬಿಟ್ಟುಹೋಗುತ್ತಾರೆ. ಬಿಟ್ಟವರಿಗೆ ಕೈಚಳಕ ಇಲ್ಲದಿರಲಿಲ್ಲ. ಒಂದೇ ಚಿತ್ರವನ್ನು ಏಳು ಸಲ ತಿದ್ದಿ, ಒಂದು ಸಲದ ಹಣವನ್ನು ಪಡೆದು ಬೇಸತ್ತವರು ಅವರು. ಆದುದರಿಂದ ಈ ವಿಷಯವು ಶಿಷ್ಟಾಚಾರದ ಪ್ರಶ್ನೆಯಷ್ಟೇ ಅಲ್ಲ, ಅನ್ನದ ಪ್ರಶ್ನೆಯೂ ಹೌದು. ಇದನ್ನು ಕುರಿತು ನಾನು ಕಂಡುಕೊಂಡ ಒಂದು ಸಂಗತಿಯನ್ನು ಸಹಪಾಠಿಗಳ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಬಡಗಿಯ ಬಳಿಗೆ ಹೋದವನು ಮತ್ತೊಬ್ಬರ ಮನೆಯ ಬಾಗಿಲನ್ನು ತೋರಿಸಿ ‘ಇಂಥದು ಬೇಕು’ ಎನ್ನಬಲ್ಲನು. ಕಲೆಗಾರನ ಬಳಿಗೆ ಬಂದವನಿಗೆ ಬೇಕಾದುದು ಇನ್ನೂ ಎಲ್ಲಿಯೂ ಇಲ್ಲ. ಅವನು ‘ಸ್ವಲ್ಪ ಗ್ರ್ಯಾಂಡಾಗಿರಲಿ’ ಎನ್ನುತ್ತಾನೆ. ಅವನ ಮನಸ್ಸಿನಲ್ಲಿ ಚಿನ್ನದ ಬಣ್ಣದ ಬಳ್ಳಿಗಳು ಸುತ್ತುತ್ತಿರುತ್ತವೆ. ಕೇಳಿದವನ ಮನಸ್ಸಿನಲ್ಲಿ ವಿಶಾಲವಾದ ಬಿಳಿಯ ಹಾಳೆಯ ನಡುವೆ ಒಂದೇ ಹೂವು ಅರಳಿರುತ್ತದೆ. ಇಬ್ಬರೂ ತಲೆದೂಗಿ ಬೇರೆಯಾಗುತ್ತಾರೆ. ಒಂದು ವಾರ ಕಳೆದ ಮೇಲೆ ಕಲಹ. ಇಬ್ಬರಲ್ಲಿ ಯಾರೂ ಸುಳ್ಳಾಡಿರಲಿಲ್ಲ ಎಂಬುದು ಇಲ್ಲಿಯ ವಿಚಿತ್ರ.

ಈ ತೊಡಕಿಗೆ ಪರಿಹಾರವು ನಮ್ಮ ಊರಿನ ಮಗ್ಗದಲ್ಲಿಯೇ ಇದೆ ಎಂದು ನನ್ನ ಭಾವನೆ. ಕೊಳ್ಳೇಗಾಲದ ರೇಷ್ಮೆಯ ನೇಯ್ಗೆ ಹಳೆಯ ಕಸುಬು. ೧೯೫೬ರವರೆಗೆ ಈ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗಲೂ ಇಲ್ಲಿ ಮಗ್ಗದ ಸದ್ದಿತ್ತು. ಬಟ್ಟೆಯಲ್ಲಿ ಉದ್ದಕ್ಕೆ ಓಡುವ ನೂಲು ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಹಾಸಿನ ನೂಲಿಗೆ ಮೊದಲೇ ಬಣ್ಣ ಕಟ್ಟಿ, ಸಾವಿರಾರು ಎಳೆಗಳನ್ನು ಒಂದೊಂದಾಗಿ ಮಗ್ಗಕ್ಕೆ ಏರಿಸಬೇಕು. ಏರಿಸಿದ ಮೇಲೆ ಅದನ್ನು ಬದಲಿಸುವುದೆಂದರೆ ಎಲ್ಲವನ್ನೂ ಕಿತ್ತು ಹೊಸದಾಗಿ ತೊಡಗುವುದೇ ಸರಿ. ಹೊಕ್ಕಿನ ನೂಲು ಲಾಳಿಯಲ್ಲಿರುತ್ತದೆ. ಬೇರೆ ಬಣ್ಣ ಬೇಕಾದರೆ ಲಾಳಿಯನ್ನು ಬದಲಿಸಿದರಾಯಿತು. ಕೆಂಪು ಹಾಸಿನ ಮೇಲೆ ಹಸಿರು ಹೊಕ್ಕನ್ನು ಹಾಯಿಸಿದರೆ ಬೆಳಕಿಗೆ ತಕ್ಕಂತೆ ಎರಡು ಬಣ್ಣ ಮಿನುಗುವ ಸೀರೆಯೂ ಆಗುತ್ತದೆ.

ಚಿತ್ತಾರದ ಮಾತೂ ಹೀಗೆಯೇ. ಫ್ರಾನ್ಸಿನ ಜೋಸೆಫ್ ಮಾರೀ ಜಕಾರ್ಡ್ ೧೮೦೪ರಲ್ಲಿ ರೂಪಿಸಿದ ಸಾಧನದಲ್ಲಿ, ಮೊದಲು ಚೌಕುಳಿ ಕಾಗದದ ಮೇಲೆ ನಕ್ಷೆ ಬರೆದು, ನಕ್ಷೆಯ ಒಂದೊಂದು ಸಾಲಿಗೆ ಒಂದೊಂದು ರಟ್ಟಿನಂತೆ ತೂತು ಕೊರೆಯುತ್ತಾರೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ನಕ್ಷೆಯಲ್ಲಿರುವಾಗ ನವಿಲಿನ ಕತ್ತನ್ನು ರಬ್ಬರಿನಿಂದ ಅಳಿಸಿ ತಿದ್ದಬಹುದು. ರಟ್ಟು ಕೊರೆದ ಮೇಲೆ ಅದೇ ತಿದ್ದುಪಡಿಗೆ ಅನೇಕ ದಿನಗಳ ಕೂಲಿ ಬೇಕು. ಕಸುಬು ಬಲ್ಲ ನೇಕಾರನು ನಕ್ಷೆಯನ್ನೂ ನೂಲಿನ ಮಾದರಿಯನ್ನೂ ಮುಂಚೆಯೇ ತೋರಿಸಿ ಒಪ್ಪಿಗೆ ಪಡೆಯುವುದು ಇದಕ್ಕಾಗಿಯೇ.

ಗಿರಾಕಿಯೊಡನೆ ಆಡುವ ಮಾತುಗಳನ್ನೂ ಹೀಗೆ ಎರಡಾಗಿ ವಿಂಗಡಿಸಬಹುದು. ಈ ಕೆಲಸ ಏತಕ್ಕಾಗಿ? ಯಾರು ನೋಡತಕ್ಕದ್ದು, ಎಲ್ಲಿ ನಿಂತು ನೋಡತಕ್ಕದ್ದು? ಬರಹ ಅಂತಿಮವಾಗಿದೆಯೆ? ಕೊನೆಯ ಮಾತು ಯಾರದು? ಖರ್ಚೆಷ್ಟು, ದಿನವೆಂದು? ಇವು ಹಾಸಿನ ಮಾತುಗಳು. ಅಕ್ಷರದ ಸೊಗಸು, ಅಂಚಿನ ಬಳ್ಳಿ, ಬಣ್ಣದ ಛಾಯೆ ಇವು ಹೊಕ್ಕಿನ ಮಾತುಗಳು. ನಮ್ಮಲ್ಲಿ ಸಾಮಾನ್ಯವಾಗಿ ಹೊಕ್ಕಿನ ಮಾತಿನಲ್ಲಿ ಒಂದು ಗಂಟೆ ಕಳೆದು, ಹಾಸಿನ ಮಾತನ್ನು ಆಡದೆಯೇ ಏಳುತ್ತೇವೆ. ಬಳ್ಳಿಯ ಮಾತು ರುಚಿಕರ. ದುಡ್ಡಿನ ಮಾತು, ಹಿರಿಯರ ಒಪ್ಪಿಗೆಯ ಮಾತು ಸಂಕೋಚಕರ.

ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಒಂದು ಮನೆಯವರ ಮದುವೆಯ ಕರೆಯೋಲೆಯನ್ನು ಆ ಮನೆಯ ಮಗನು ಮೊಬೈಲಿನಲ್ಲಿ ನೋಡಿ ಒಪ್ಪಿದನು. ಮುನ್ನೂರು ಪ್ರತಿ ಅಚ್ಚಾದ ಮೇಲೆ ತಾತನವರು ಓದಿ, ಹಿರಿಯ ಸೋದರನ ಹೆಸರು ಕಿರಿಯವನ ಕೆಳಗೆ ಬಂದಿದೆಯೆಂದು ಸಿಡಿದೆದ್ದರು. ಮತ್ತೆ ಅಚ್ಚು ಹಾಕಲೇಬೇಕಾಯಿತು. ಅರ್ಧ ಖರ್ಚನ್ನು ಅಂಗಡಿಯವರು ಹೊತ್ತರು, ಉಳಿದರ್ಧವನ್ನು ಗಿರಾಕಿ ಮುಖ ಗಂಟಿಕ್ಕಿಕೊಂಡು ಕೊಟ್ಟನು. ‘ಇದನ್ನು ಮನೆಯಲ್ಲಿ ಕೊನೆಗೆ ಯಾರು ನೋಡಬೇಕು?’ ಎಂಬ ಒಂದು ಪ್ರಶ್ನೆಗೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಒಪ್ಪಿಗೆಯನ್ನು ಯಾವ ವಸ್ತುವಿನ ಮೇಲೆ ಪಡೆಯಬೇಕೆಂಬುದೂ ಮುಖ್ಯ. ಮೊಬೈಲಿನ ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ಬಣ್ಣ ತೋರಿಸುತ್ತದೆ. ಅಚ್ಚುಯಂತ್ರವು ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು ಮಸಿಗಳನ್ನು ಕಾಗದದ ಮೇಲೆ ಬೆರೆಸುತ್ತದೆ. ಒಂದು ತಾನೇ ಬೆಳಗುತ್ತದೆ, ಮತ್ತೊಂದು ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಪರದೆಯ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುವುದು ಈ ಕಾರಣದಿಂದ. ಆದ್ದರಿಂದ ಬಣ್ಣಕ್ಕೆ ಒಪ್ಪಿಗೆ ಬೇಕಾದರೆ, ಬಳಸಲಿರುವ ಕಾಗದದ ಮೇಲೆಯೇ ಒಂದು ಪ್ರತಿ ತೆಗೆದು ತೋರಿಸಬೇಕು. ಕನ್ನಡದ ಬರಹಕ್ಕೆ ಇನ್ನೊಂದು ಅಪಾಯವುಂಟು. ಗಿರಾಕಿಯು ಮೊಬೈಲಿನಿಂದ ಕಳುಹಿಸುವುದು ಯೂನಿಕೋಡ್ ಬರಹ. ಹಲವು ಅಂಗಡಿಗಳಲ್ಲಿ ಅದನ್ನು ನುಡಿಯಂತಹ ಹಳೆಯ ಸಂಕೇತದ ಅಕ್ಷರಕ್ಕೆ ಪರಿವರ್ತಿಸಿ ಬಳಸುತ್ತಾರೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು. ಕಳುಹಿಸಿದ ಬರಹ ಸರಿಯಿದ್ದರೂ ಅಚ್ಚಿಗೆ ಹೋಗುವ ಬರಹ ತಪ್ಪಾಗಬಹುದು. ಕರಡನ್ನು ಗಿರಾಕಿಯು ಪರಿವರ್ತನೆಯ ತರುವಾಯ ಓದಿ ಸಹಿ ಮಾಡಬೇಕು.

ಗಿರಾಕಿಯ ಆಕ್ಷೇಪಣೆಯನ್ನು ಕೇಳುವುದೂ ಒಂದು ವಿದ್ಯೆ. ‘ಅಕ್ಷರ ದೊಡ್ಡದು ಮಾಡಿ’ ಎಂದೊಡನೆ ದೊಡ್ಡದು ಮಾಡುವವನು ಆಳು, ‘ಏಕೆ?’ ಎಂದು ವಿನಯದಿಂದ ಕೇಳುವವನು ಕಲೆಗಾರ. ಬಸ್ಸಿನಲ್ಲಿ ಕುಳಿತವರಿಗೆ ಓದಲು ಬರುವುದಿಲ್ಲ ಎಂಬುದು ಅವನ ನಿಜವಾದ ಚಿಂತೆಯಾಗಿರಬಹುದು. ಹಾಗಾದರೆ ಫಲಕದ ಮಾತುಗಳನ್ನು ಕಡಿಮೆ ಮಾಡಿದರೆ ಅಥವಾ ಹಿನ್ನೆಲೆಯ ಬಣ್ಣವನ್ನು ಗಾಢಗೊಳಿಸಿದರೆ ಸಾಕಾದೀತು. ಗಿರಾಕಿಗೆ ನೋವು ಎಲ್ಲಿದೆಯೆಂದು ಚೆನ್ನಾಗಿ ಗೊತ್ತು. ಔಷಧವನ್ನು ಆರಿಸುವ ಭಾರ ವೈದ್ಯನದು.

ಕಲೆಗಾರನು ತನ್ನ ಕಾರಣಗಳನ್ನು ಹೇಳಬೇಕೆಂಬುದಕ್ಕೆ ಹೊರನಾಡಿನ ನಿದರ್ಶನವೊಂದಿದೆ. ೧೯೮೬ರಲ್ಲಿ ಅಮೆರಿಕದ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಎಂಬ ಸಂಸ್ಥೆಗೆ ಲಾಂಛನ ಬೇಕೆಂದು ಪಾಲ್ ರ‍್ಯಾಂಡ್ ಎಂಬ ಪ್ರಸಿದ್ಧ ಕಲೆಗಾರನನ್ನು ಕೇಳಿದರು. ಹಲವು ನಮೂನೆಗಳನ್ನು ಕೊಡಲು ರ‍್ಯಾಂಡ್ ಒಪ್ಪಲಿಲ್ಲ, ಒಂದನ್ನೇ ಕೊಟ್ಟನು. ಆದರೆ ಅದರೊಡನೆ, ಆ ರೂಪಕ್ಕೆ ತಾನು ಹೇಗೆ ಬಂದೆನೆಂಬುದನ್ನು ಹಂತಹಂತವಾಗಿ ವಿವರಿಸುವ ಪುಸ್ತಿಕೆಯನ್ನೂ ಕೊಟ್ಟನು. ರ‍್ಯಾಂಡನ ಕೀರ್ತಿ ನಮಗಿಲ್ಲದಿರಬಹುದು. ಕಾರಣ ಹೇಳುವ ಅಭ್ಯಾಸಕ್ಕೆ ಕೀರ್ತಿ ಬೇಕಾಗಿಲ್ಲ.

ಹಾಸು ಭದ್ರವಾದರೆ ಹೊಕ್ಕಿಗೆ ಎಂತಹ ಸ್ವಾತಂತ್ರ್ಯ ದೊರೆಯುತ್ತದೆಂಬುದಕ್ಕೆ ನಮ್ಮ ದೇಶದ ಅಮುಲ್ ಬೆಣ್ಣೆಯ ಜಾಹೀರಾತು ಸಾಕ್ಷಿ. ೧೯೬೬ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ಅವರು ಚುಕ್ಕೆಯ ಲಂಗದ ಪುಟ್ಟ ಹುಡುಗಿಯನ್ನು ಸೃಷ್ಟಿಸಿದರು. ಪ್ರತಿಯೊಂದು ಜಾಹೀರಾತಿಗೂ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆಯನ್ನು ವರ್ಗೀಸ್ ಕುರಿಯನ್ ಅವರು ವಿಧಿಸಲಿಲ್ಲ. ಹುಡುಗಿ, ಬೆಣ್ಣೆ, ತಿಳಿಹಾಸ್ಯ ಈ ಮೂರು ನಿಶ್ಚಿತವಾಗಿದ್ದುದರಿಂದ, ದಿನದ ಸುದ್ದಿಗೆ ತಕ್ಕಂತೆ ಉಳಿದುದು ಬದಲಾಗುತ್ತ ಬಂದಿತು.

ಇಷ್ಟು ಹೇಳಿದ ಮೇಲೆ ಕೆಲವು ಸಣ್ಣ ಸೂಚನೆಗಳು. ಮೊದಲ ಭೇಟಿಯ ದಿನವೇ ಹಾಸಿನ ಮಾತುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಗಿರಾಕಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಅವನಿಗೇ ಕೊಡಬೇಕು. ಎಷ್ಟು ತಿದ್ದುಪಡಿಗಳು ಒಪ್ಪಿದ ಹಣದಲ್ಲಿ ಸೇರಿವೆ, ಅನಂತರದ್ದಕ್ಕೆ ಎಷ್ಟು ಎಂಬುದು ಅದರಲ್ಲಿರಬೇಕು. ಕೆಲಸ ತಡವಾಗುವಂತಿದ್ದರೆ ಅವನು ವಿಚಾರಿಸುವ ಮೊದಲೇ ತಿಳಿಸಬೇಕು. ಹಾಳೆ ಬರೆಯುವುದೆಂದರೆ ಅಪನಂಬಿಕೆಯೆಂದು ನಮ್ಮ ಕಡೆ ಕೆಲವರು ತಿಳಿಯುತ್ತಾರೆ. ಗಿರಾಕಿಯು ನೆಂಟನೋ ಊರಿನವನೋ ಆದಾಗ ಈ ಸಂಕೋಚ ಇಮ್ಮಡಿಯಾಗುತ್ತದೆ. ವಾಸ್ತವವಾಗಿ ನೆಂಟಸ್ತಿಕೆ ಕೆಡುವುದು ಬರೆಯದ ಮಾತಿನಿಂದ. ಬರೆದಿಟ್ಟ ಮಾತಿಗೆ ಎರಡು ನೆನಪುಗಳಿರುವುದಿಲ್ಲ.

ನಮ್ಮಲ್ಲಿ ಎಲ್ಲರೂ ಕಲೆಗಾರರಾಗುವುದಿಲ್ಲ. ಆದರೆ ಉಪಾಧ್ಯಾಯನಾಗಲಿ, ಗುಮಾಸ್ತನಾಗಲಿ, ವಕೀಲನಾಗಲಿ, ಮತ್ತೊಬ್ಬರ ಮನಸ್ಸಿನಲ್ಲಿರುವುದನ್ನು ತನ್ನ ಕೈಯಿಂದ ಮಾಡಿಕೊಡಬೇಕಾದ ದಿನ ಎಲ್ಲರಿಗೂ ಬರುತ್ತದೆ. ಅಂದು ತಿದ್ದಲು ಸುಲಭವಾದುದನ್ನು ಆಮೇಲೆ ಮಾತನಾಡಿ. ತಿದ್ದಲು ಕಷ್ಟವಾದುದನ್ನು ಮೊದಲು ಕೇಳಿ.