ಏಳನೇ ತರಗತಿಯಲ್ಲೇ ತೆರೆಯಬೇಕಾದ ಕಡತ

ಜೀವನ್ ಬಿಮಾ ನಗರದ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು, ಗೇಟು ಕಾಯುವವರು, ಕಟ್ಟಡ ಕೆಲಸಕ್ಕೆ ಬರುವವರು ಎಷ್ಟೋ ಮಂದಿ ಪಕ್ಕದ ಕೋಡಿಹಳ್ಳಿ, ಮುರುಗೇಶಪಾಳ್ಯ, ತಿಪ್ಪಸಂದ್ರದ ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಇರುತ್ತಾರೆ. ಇವರ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಲೆಂದು ಸರ್ಕಾರದ ಹಣ ಹಲವು ದಾರಿಗಳಲ್ಲಿ ಬರುತ್ತದೆ. ಯಾವ ತರಗತಿಯಲ್ಲಿ, ಯಾವ ಕಾಗದ ಕೊಟ್ಟರೆ ಬರುತ್ತದೆ ಎಂಬುದು ಮಾತ್ರ ಅನೇಕ ಮನೆಗಳಿಗೆ ಗೊತ್ತಿಲ್ಲ. ಮಗು ಹತ್ತನೇ ತರಗತಿಗೆ ಬಂದ ಮೇಲೆ ದಾಖಲೆ ಹುಡುಕಲು ಹೊರಟರೆ ಮೂರು ವರ್ಷ ತಡವಾಗಿರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ. ಅತ್ತ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ತುಂಬಿದವರನ್ನು ಅಪಾಯಕಾರಿಯಲ್ಲದ ಕೆಲಸಗಳಿಗೆ ಇಟ್ಟುಕೊಳ್ಳಬಹುದು. ಶಾಲೆಯ ಹಕ್ಕು ಮುಗಿಯುವ ವಯಸ್ಸಿನಲ್ಲೇ ದುಡಿಮೆಯ ಬಾಗಿಲು ತೆರೆಯುತ್ತದೆ. ಇದರ ಮೇಲೆ ನಮ್ಮ ರಾಜ್ಯದ ಇನ್ನೊಂದು ತೊಡಕಿದೆ: ಅನೇಕ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ, ಪ್ರೌಢಶಾಲೆ ಎಂಟರಿಂದ ಶುರು. ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಸೇರುವ ಆ ಬೇಸಿಗೆಯಲ್ಲೇ ಮಕ್ಕಳು ಕೈತಪ್ಪುವ ಭಯ. ಎಲ್.ಕೆ.ಜಿ.ಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಈ ಬಿರುಕು ಮುಚ್ಚಬಲ್ಲವು. ಹೊಸ ಶಾಲೆ ದೂರವಿದ್ದರೆ ಹೆಣ್ಣುಮಕ್ಕಳಿಗೆ ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತ. ಗಂಡುಮಕ್ಕಳಿಗೆ ಬಿಎಂಟಿಸಿಯ ರಿಯಾಯಿತಿ ಪಾಸಿದೆ.

ಬಿಸಿಯೂಟ ಎಂಟಕ್ಕೆ ನಿಲ್ಲುವುದಿಲ್ಲ. ಕೇಂದ್ರದ ಅನುದಾನ ಎಂಟನೇ ತರಗತಿಯವರೆಗೆ ಮಾತ್ರ; ಒಂಬತ್ತು, ಹತ್ತರ ಮಕ್ಕಳ ಊಟದ ವೆಚ್ಚವನ್ನು ರಾಜ್ಯವೇ ಹೊರುತ್ತದೆ. ಹಸಿದ ಹದಿನೈದರ ಹುಡುಗನನ್ನು ಮಧ್ಯಾಹ್ನದ ತರಗತಿಯಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಇನ್ನು ನೇರವಾಗಿ ಖಾತೆಗೆ ಬರುವ ಹಣ. ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಜಾತಿಯ ಕುಟುಂಬಗಳ ಮಕ್ಕಳಿಗೆ ಕೇಂದ್ರದ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನ ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ಸಿಗುತ್ತದೆ: ಮನೆಯಿಂದ ಹೋಗಿಬರುವವರಿಗೆ ವರ್ಷಕ್ಕೆ 3,500, ಹಾಸ್ಟೆಲಿನಲ್ಲಿ ಇರುವವರಿಗೆ 7,000 ರೂಪಾಯಿ. ಇದೇ ಯೋಜನೆಯ ಇನ್ನೊಂದು ಭಾಗ ನಗರದಲ್ಲಿ ಹೆಚ್ಚು ಜನರಿಗೆ ತಿಳಿಯಬೇಕು. ತಂದೆ ಅಥವಾ ತಾಯಿ ಕಸ ಆಯುವವರು, ಚರ್ಮ ಹದಮಾಡುವವರು, ಅಪಾಯಕಾರಿ ಶುಚಿ ಕೆಲಸ ಮಾಡುವವರು ಆಗಿದ್ದರೆ ಜಾತಿ, ಧರ್ಮ, ಆದಾಯಮಿತಿ ಯಾವುದನ್ನೂ ನೋಡದೆ ಒಂದನೇ ತರಗತಿಯಿಂದಲೇ ನೆರವಿದೆ. ನೆರವು ಹೀಗೆ ಮೊದಲಿನಿಂದ ಬರಬೇಕು. ಅಲ್ಪಸಂಖ್ಯಾತ ಮಕ್ಕಳ ಕೇಂದ್ರ ವಿದ್ಯಾರ್ಥಿವೇತನವನ್ನು 2022–23ರಲ್ಲಿ ಒಂಬತ್ತು ಮತ್ತು ಹತ್ತಕ್ಕೆ ಸೀಮಿತಗೊಳಿಸಿದ್ದು ತಿರುಗುಮುರುಗಾದ ನಡೆ. ಎಂಟರಲ್ಲೇ ಶಾಲೆ ಬಿಟ್ಟ ಮಗುವಿಗೆ ಒಂಬತ್ತರ ಹಣದಿಂದ ಏನು ಪ್ರಯೋಜನ?

ಹೆಚ್ಚು ಮೊತ್ತದ ಯೋಜನೆ ಎಂದರೆ ಪರೀಕ್ಷೆ ಬರೆದು ಪಡೆಯುವ ಕೇಂದ್ರದ ವಿದ್ಯಾರ್ಥಿವೇತನ ಎನ್‌ಎಂಎಂಎಸ್. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿಗಳಿಗೆ ಇದು ಸಿಗುತ್ತದೆ. ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಪರೀಕ್ಷೆ ಬರೆಯುವುದು ಎಂಟನೇ ತರಗತಿಯಲ್ಲಿ. ಅರ್ಹತೆಗೆ ನೋಡುವುದು ಏಳನೇ ತರಗತಿಯ ಅಂಕ. ಅಲ್ಲಿ ಶೇ 55 ಬೇಕು, ಪರಿಶಿಷ್ಟರಿಗೆ ಶೇ 5 ರಿಯಾಯಿತಿ. ಕುಟುಂಬದ ಆದಾಯ ಮೂರೂವರೆ ಲಕ್ಷ ದಾಟಬಾರದು, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಸಾಲ ಮಾಡಿ ಖಾಸಗಿ ಅನುದಾನರಹಿತ ಶಾಲೆಗೆ ಸೇರಿಸಿದರೆ ಈ ಹಣ ಕೈಬಿಟ್ಟ ಹಾಗೆಯೇ. ಸೇರಿಸುವ ಮುನ್ನ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಜಿ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಹೋಗುತ್ತದೆ. ಮಾನಸಿಕ ಸಾಮರ್ಥ್ಯದ 90, ಪಠ್ಯ ವಿಷಯಗಳ 90 ಪ್ರಶ್ನೆ. ಆರು ತಿಂಗಳ ಮೊದಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದ ಮಗುವಿಗೆ ಪ್ರಶ್ನೆಯ ವರಸೆ ಹೊಸತೆನಿಸುವುದಿಲ್ಲ.

ಮಂಜೂರಾದ ಹಣವೂ ಖಾತೆ ಮುಟ್ಟದೆ ನಿಲ್ಲುವುದುಂಟು. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣ, ಎನ್‌ಎಂಎಂಎಸ್‌ನಲ್ಲಿ ಆಯ್ಕೆಯಾದವರಿಗೆ ಕೇಂದ್ರದ ಎನ್‌ಎಸ್‌ಪಿ. ಎಸ್‌ಎಸ್‌ಪಿಯಲ್ಲಿ ಶಾಲೆಯ ದಾಖಲೆಯಲ್ಲಿರುವ ವಿದ್ಯಾರ್ಥಿಯ ಗುರುತಿನ ಸಂಖ್ಯೆ (ಸ್ಯಾಟ್ಸ್), ಆಧಾರ್, ಜಾತಿ ಮತ್ತು ಆದಾಯ ಪತ್ರಗಳ ಮೇಲಿನ ಆರ್‌ಡಿ ಸಂಖ್ಯೆ ಇಷ್ಟೂ ಒಂದಕ್ಕೊಂದು ಹೊಂದಬೇಕು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೂ ಅರ್ಜಿ ಸಿಕ್ಕಿಕೊಳ್ಳಬಹುದು. ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟರೆ ಸಾಲದು. ಸರ್ಕಾರದ ಹಣ ಆಧಾರ್ ಮೂಲಕ ಆ ಖಾತೆಗೆ ಬರಲು ಬೇಕಾದ ಎನ್‌ಪಿಸಿಐ ಜೋಡಣೆ ಆಗಿದೆಯೇ ಎಂದು ಅದೇ ಮಾತಿನಲ್ಲಿ ಕೇಳಿ. ಎರಡು ಖಾತೆ ಇದ್ದರೆ ಹಣ ಕೊನೆಗೆ ಜೋಡಣೆಯಾದ ಖಾತೆಗೆ ಹೋಗಿ ಬೀಳುತ್ತದೆ, ಮನೆಯವರು ಇನ್ನೊಂದರ ಪಾಸ್‌ಬುಕ್ ನೋಡುತ್ತಾ ಕೂತಿರುತ್ತಾರೆ. ಆದಾಯ ಪತ್ರಕ್ಕೆ ಐದು ವರ್ಷ ಸಿಂಧುತ್ವ. ಏಳನೇ ತರಗತಿಯಲ್ಲಿ ಮಾಡಿಸಿದರೆ ಹತ್ತರವರೆಗೂ ಅದೇ ಸಾಕು. ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ದಾಖಲೆಗಳು ಊರಿನ ವಿಳಾಸದಲ್ಲೇ ಇದ್ದರೆ, ಯುಗಾದಿಗೋ ಜಾತ್ರೆಗೋ ಹೋದಾಗ ನಾಡಕಚೇರಿಯ ಕೆಲಸ ಮುಗಿಸಿಕೊಂಡೇ ಬರುವುದು ಒಳ್ಳೆಯದು.

ಕಟ್ಟಡ ಕಾರ್ಮಿಕರಿಗೆ ಇನ್ನೊಂದು ಮೂಲವಿದೆ. ಕಟ್ಟಡ ವೆಚ್ಚದ ಶೇ 1ರ ಸೆಸ್ ಸೇರುವ ಕಲ್ಯಾಣ ಮಂಡಳಿ, ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡುತ್ತದೆ. ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಮನೆ ಕಟ್ಟಿಸುವ ಮಾಲೀಕರು ಆ ಕಾಗದಕ್ಕೆ ಸಹಿ ಹಾಕಲು ಹಿಂಜರಿಯಬಾರದು.

ಮಗು ಶಾಲೆಗೆ ಹೋಗುವುದನ್ನೇ ನಿಲ್ಲಿಸಿದರೆ? 2013ರಲ್ಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಎತ್ತಿಕೊಂಡ ಪ್ರಕರಣದ ಫಲವಾಗಿ, ಕಾರಣವಿಲ್ಲದೆ ಏಳು ದಿನ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸಿ ಹುಡುಕುವ ವ್ಯವಸ್ಥೆ ರಾಜ್ಯದಲ್ಲಿ ಬಂತು. ಅಷ್ಟು ದಿನ ಕಾಯದೆ ಮುಖ್ಯ ಶಿಕ್ಷಕರಿಗೋ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೋ ನೆರೆಯವರು ಸಹ ಹೇಳಬಹುದು. ಮಗುವನ್ನು ದುಡಿಮೆಗೆ, ಮದುವೆಗೆ ನೂಕುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹತ್ತನೇ ತರಗತಿಯಲ್ಲಿ ಫೇಲಾದರೂ ವರ್ಷ ಹಾಳಾಗಬೇಕಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶ ಬಂದ ಬೆನ್ನಿಗೇ ಪರೀಕ್ಷೆ-2ರ ನೋಂದಣಿ ಶುರುವಾಗುವುದರಿಂದ, ಮಗುವನ್ನು ಗ್ಯಾರೇಜಿಗೋ ಅಂಗಡಿಗೋ ಸೇರಿಸುವ ಮಾತಾಡುವ ಮುನ್ನ ಮರುದಿನವೇ ಶಾಲೆಗೆ ಹೋಗಿ ಕೊನೆಯ ದಿನಾಂಕ ಕೇಳಿಕೊಂಡು ಬನ್ನಿ.